ಬೆಂಗಳೂರಿಗೆ ಎಷ್ಟು ದೂರ, ಎಷ್ಟು ಹೊತ್ತು? – ವಿಲೋಮ ಅನುಪಾತದ ಒಂದು ಪಾಠ ಮತ್ತು ಅದರ ಮರುಪಾಠ

ಹಿನ್ನೆಲೆ

ಬಿ.ಎಡ್. ಎರಡನೆಯ ವರ್ಷದ ಶಾಲಾ ಇಂಟರ್ನ್‌ಶಿಪ್‌ಗಾಗಿ ನಮ್ಮ ಗಣಿತ ವಿಭಾಗದ ಮೂವರು ಪ್ರಶಿಕ್ಷಣಾರ್ಥಿಗಳನ್ನು ಮೂರು ತಾಲ್ಲೂಕುಗಳಿಗೆ ಹಂಚಿದ್ದರು. ಒಬ್ಬ ಸಹಪಾಠಿಗೆ ಪುತ್ತೂರು, ಇನ್ನೊಬ್ಬರಿಗೆ ಸುಳ್ಯ, ನನಗೆ ಕಡಬ. ಮೂವರೂ ಎಂಟನೇ ತರಗತಿಗೆ ‘ನೇರ ಮತ್ತು ವಿಲೋಮ ಅನುಪಾತ’ ಘಟಕವನ್ನು ಬೋಧಿಸಬೇಕಿತ್ತು. ಕೆಲಸ ಹಗುರವಾಗಲಿ ಎಂದು ಒಂದೇ ಪಾಠ ಯೋಜನೆಯನ್ನು ಮೂವರೂ ಸೇರಿ ಬರೆದೆವು. ಆ ಪಾಠದಲ್ಲಿ ನನ್ನ ಕೈಯಿಂದ ಒಂದು ತಪ್ಪಾಯಿತು. ತಪ್ಪು ಲೆಕ್ಕದಲ್ಲಿ ಇರಲಿಲ್ಲ, ಮೌಲ್ಯಮಾಪನದಲ್ಲಿ ಇತ್ತು. ಮುಂದಿನ ವರ್ಷ ಇದೇ ಘಟಕವನ್ನು ಆರಿಸಿಕೊಳ್ಳುವವರಿಗೆ ಉಪಯೋಗವಾದೀತು ಎಂಬ ಉದ್ದೇಶದಿಂದ ಅದನ್ನು ಇಲ್ಲಿ ದಾಖಲಿಸುತ್ತಿದ್ದೇನೆ.

ಮೊದಲ ಪಾಠ

ಕಲಿಕಾಂಶ: ದೂರ ಸ್ಥಿರವಾಗಿದ್ದಾಗ ವೇಗ ಮತ್ತು ಸಮಯ ವಿಲೋಮ ಅನುಪಾತದಲ್ಲಿರುತ್ತವೆ. ಪಠ್ಯಪುಸ್ತಕದ ಉದಾಹರಣೆಗಳಿಗೆ ಬದಲು ಮಕ್ಕಳಿಗೆ ಗೊತ್ತಿರುವ ದಾರಿಯನ್ನೇ ತೆಗೆದುಕೊಳ್ಳೋಣ ಎಂದು ಮಂಗಳೂರು–ಬೆಂಗಳೂರು ಹೆದ್ದಾರಿಯನ್ನು ಆರಿಸಿದ್ದೆವು. ರಾಷ್ಟ್ರೀಯ ಹೆದ್ದಾರಿ 75ರಲ್ಲಿ ಬಿ.ಸಿ.ರೋಡ್, ಉಪ್ಪಿನಂಗಡಿ, ಗುಂಡ್ಯ, ಶಿರಾಡಿ ಘಾಟಿ, ಸಕಲೇಶಪುರ, ಹಾಸನದ ಮೂಲಕ ಸುಮಾರು 350 ಕಿ.ಮೀ. ಕರಿಹಲಗೆಯ ಮೇಲೆ ಕೋಷ್ಟಕ ಬರೆದೆ:

ಗಂಟೆಗೆ 35 ಕಿ.ಮೀ. ವೇಗ – 10 ಗಂಟೆ
ಗಂಟೆಗೆ 50 ಕಿ.ಮೀ. ವೇಗ – 7 ಗಂಟೆ
ಗಂಟೆಗೆ 70 ಕಿ.ಮೀ. ವೇಗ – 5 ಗಂಟೆ

ಪ್ರತಿ ಸಾಲಿನಲ್ಲೂ ಗುಣಲಬ್ಧ 350. ಮಕ್ಕಳು ಬೇಗ ಹಿಡಿದರು. ಹುಮ್ಮಸ್ಸಿನಲ್ಲಿ ನಾನು ಯೋಜನೆಯಲ್ಲಿದ್ದ ಕೊನೆಯ ಸಾಲನ್ನೂ ಸೇರಿಸಿದೆ: ವಿಮಾನದ ವೇಗ ಗಂಟೆಗೆ 700 ಕಿ.ಮೀ. ಆದರೆ ಎಷ್ಟು ಹೊತ್ತು? “ಅರ್ಧ ಗಂಟೆ” ಎಂದು ತರಗತಿ ಒಂದೇ ಸ್ವರದಲ್ಲಿ ಹೇಳಿತು. ಹಿಂದಿನ ಬೆಂಚಿನ ಹುಡುಗನೊಬ್ಬ ಮಾತ್ರ, “ಟೀಚರ್, ವಿಮಾನಕ್ಕೆ ಒಂದು ಗಂಟೆ ಅಂತ ಹೇಳ್ತಾರಲ್ಲ, ಅರ್ಧ ಗಂಟೆ ಹೇಗೆ?” ಎಂದ. ಗಂಟೆ ಬಾರಿಸುವ ಹೊತ್ತಾಗಿತ್ತು. “ಅದನ್ನು ನಾಳೆ ನೋಡೋಣ” ಎಂದು ತಳ್ಳಿಹಾಕಿ ಮನೆಗೆಲಸ ಕೊಟ್ಟೆ:

“ಬೆಂಗಳೂರಿಗೆ ಬಸ್ಸಿನಲ್ಲಿ ಏಳೂವರೆ ಗಂಟೆ, ವಿಮಾನದಲ್ಲಿ ಒಂದು ಗಂಟೆ ಬೇಕು. ವಿಮಾನದಲ್ಲಿ ಹೋದರೆ ಎಷ್ಟು ಸಮಯ ಉಳಿಯುತ್ತದೆ?”

ಮರುದಿನ 31 ಪುಸ್ತಕಗಳನ್ನು ತಿದ್ದಿದೆ. ಮೂವತ್ತರಲ್ಲಿ ‘ಆರೂವರೆ ಗಂಟೆ’ ಎಂದಿತ್ತು. ಒಬ್ಬಳು ವಿದ್ಯಾರ್ಥಿನಿ ‘ಅರ್ಧ ಗಂಟೆ’ ಎಂದು ಬರೆದಿದ್ದಳು. ಹಿಂದಿನ ದಿನದ ಕೋಷ್ಟಕದ ಕೊನೆಯ ಸಾಲನ್ನು ಗೊಂದಲದಿಂದ ಬರೆದಿದ್ದಾಳೆ ಎಂದುಕೊಂಡು ಕೆಂಪು ಶಾಯಿಯಲ್ಲಿ ತಪ್ಪು ಹಾಕಿ, ‘ಪ್ರಶ್ನೆಯನ್ನು ಸರಿಯಾಗಿ ಓದು’ ಎಂದು ಬರೆದು ಸಹಿ ಹಾಕಿದೆ.

ತಪ್ಪು ತಿಳಿದದ್ದು ಹೇಗೆ

ಸಂಜೆ ಶಾಲೆಯ ಮಾರ್ಗದರ್ಶಕ ಶಿಕ್ಷಕಿ ನಾನು ತಿದ್ದಿದ ಪುಸ್ತಕಗಳನ್ನು ನೋಡುತ್ತಿದ್ದರು. ಆ ಪುಸ್ತಕದ ಹಾಳೆಯನ್ನು ತಿರುಗಿಸಿ ನನ್ನ ಮುಂದೆ ಇಟ್ಟರು. ಹಿಂಬದಿಯಲ್ಲಿ ಪೆನ್ಸಿಲಿನಲ್ಲಿ ಹೀಗೆ ಇತ್ತು: ‘ಮನೆ ಬಿಟ್ಟದ್ದು 4. ಆಸ್ಪತ್ರೆ 11. ಒಟ್ಟು 7. ಬಸ್ಸಿಗೆ ಏಳೂವರೆ. ಉಳಿದದ್ದು ಅರ್ಧ.’

“ಇವಳನ್ನು ಕರೆದು ಕೇಳಿದಿರಾ?” ಎಂದರು. ಕೇಳಿರಲಿಲ್ಲ.

ಮರುದಿನ ಬೆಳಿಗ್ಗೆ ಪ್ರಾರ್ಥನೆಗೆ ಮೊದಲು ಕೇಳಿದೆ. ಅವಳು ಬಹಳ ಹೊತ್ತು ಮಾತಾಡಲಿಲ್ಲ. ಆಮೇಲೆ ಹೇಳಿದಳು: “ಅಜ್ಜಿಗೆ ಆಪರೇಷನ್ ಆಗಿತ್ತು ಟೀಚರ್. ಮತ್ತೆ ತೋರಿಸಲಿಕ್ಕೆ ಬೆಂಗಳೂರಿಗೆ ಹೋಗಬೇಕಿತ್ತು. ಘಾಟಿಯ ತಿರುವಿನಲ್ಲಿ ಅಜ್ಜಿಗೆ ಕೂರಲಿಕ್ಕೆ ಆಗುವುದಿಲ್ಲ ಅಂತ ಚಿಕ್ಕಪ್ಪ ವಿಮಾನದ ಟಿಕೆಟ್ ಮಾಡಿದ್ದು. ನಾನೂ ಹೋಗಿದ್ದೆ. ನಾಲ್ಕು ಗಂಟೆಗೆ ಜೀಪಿನಲ್ಲಿ ಹೊರಟದ್ದು. ಆಸ್ಪತ್ರೆಗೆ ಮುಟ್ಟುವಾಗ ಹನ್ನೊಂದು.”

ಅವಳು ಪ್ರಶ್ನೆಯನ್ನು ನನಗಿಂತ ಸರಿಯಾಗಿ ಓದಿದ್ದಳು. ‘ಬೆಂಗಳೂರಿಗೆ’ ಎಂದು ನಾನು ಕೇಳಿದ್ದೆ. ಎಲ್ಲಿಂದ ಎಂದು ಹೇಳಿರಲಿಲ್ಲ. ಬಸ್ಸಿನ ಏಳೂವರೆ ಗಂಟೆಯನ್ನು ಕಡಬದಿಂದ ಲೆಕ್ಕ ಹಿಡಿದು, ವಿಮಾನದ ಒಂದು ಗಂಟೆಯನ್ನು ಬಜ್ಪೆಯಿಂದ ಲೆಕ್ಕ ಹಿಡಿದವಳು ನಾನು. ಎರಡು ಬೇರೆ ಬೇರೆ ಆರಂಭಬಿಂದುಗಳನ್ನು ಒಂದೇ ವಾಕ್ಯದಲ್ಲಿ ಸೇರಿಸಿದ್ದೆ. ಅವಳು ಎರಡಕ್ಕೂ ಮನೆಯ ಬಾಗಿಲನ್ನೇ ಆರಂಭವಾಗಿ ತೆಗೆದುಕೊಂಡಿದ್ದಳು. ಉಳಿದ ಮೂವತ್ತು ಮಕ್ಕಳ ವ್ಯವಕಲನವೂ ತಪ್ಪಲ್ಲ, ಕೊಟ್ಟ ಸಂಖ್ಯೆಗಳನ್ನು ಕಳೆದಿದ್ದಾರೆ. ತಪ್ಪಿದ್ದದ್ದು ಪ್ರಶ್ನೆಯಲ್ಲಿ.

ಆ ದಿನ ತರಗತಿಯಲ್ಲಿ ಇದನ್ನು ಹೇಳಿದೆ. ಅಜ್ಜಿಯ ವಿಷಯ ಹೇಳಲಿಲ್ಲ, ಅದು ಅವಳ ಮನೆಯ ವಿಷಯ. ‘ನನ್ನ ಪ್ರಶ್ನೆ ಅರ್ಧಂಬರ್ಧವಾಗಿತ್ತು, ಒಬ್ಬರು ಅದನ್ನು ಪೂರ್ತಿ ಮಾಡಿಕೊಂಡು ಉತ್ತರಿಸಿದ್ದಾರೆ’ ಎಂದೆ. ಅವಳ ಪುಸ್ತಕದ ಕೆಂಪು ಗುರುತನ್ನು ಹೊಡೆದುಹಾಕಿ, ಪಕ್ಕದಲ್ಲಿ ‘ಸರಿ’ ಎಂದು ಬರೆದು ಮತ್ತೆ ಸಹಿ ಮಾಡಿದೆ. ಪ್ರಾಂಶುಪಾಲರ ಒಪ್ಪಿಗೆ ಪಡೆದು, ಮಾರ್ಗದರ್ಶಕ ಶಿಕ್ಷಕಿಯ ಸಹಾಯದಿಂದ ಮೂರು ಅವಧಿಗಳ ಮರುಪಾಠವನ್ನು ಯೋಜಿಸಿದೆ.

ಮರುಪಾಠ 1: ದೂರ ಎಂದರೆ ಯಾವ ದೂರ?

ಶಾಲೆಯಲ್ಲಿ ಕರ್ನಾಟಕದ ದೊಡ್ಡ ಗೋಡೆ ನಕ್ಷೆ ಇತ್ತು. ಅದರ ಪ್ರಮಾಣ 1 ಸೆಂ.ಮೀ.ಗೆ 10 ಕಿ.ಮೀ. ಮಂಗಳೂರು ಮತ್ತು ಬೆಂಗಳೂರಿನ ನಡುವೆ ಮಕ್ಕಳು ತಮ್ಮ ಅಡಿಪಟ್ಟಿ ಇಟ್ಟರು. 30 ಸೆಂ.ಮೀ.ನ ಪಟ್ಟಿ ಹೆಚ್ಚುಕಡಿಮೆ ಸರಿಯಾಗಿ ಕೂತಿತು. ಅಂದರೆ ನೇರ ದೂರ ಸುಮಾರು 300 ಕಿ.ಮೀ.

ಇದನ್ನು ಸಮಾಜ ವಿಜ್ಞಾನದ ತಿಳಿವಳಿಕೆಯಿಂದ ಪರೀಕ್ಷಿಸಿದೆವು. ಎರಡೂ ನಗರಗಳು ಹೆಚ್ಚುಕಡಿಮೆ 13 ಡಿಗ್ರಿ ಉತ್ತರ ಅಕ್ಷಾಂಶದ ಹತ್ತಿರ ಇವೆ. ಮಂಗಳೂರಿನ ರೇಖಾಂಶ ಸುಮಾರು 74.85, ಬೆಂಗಳೂರಿನದು ಸುಮಾರು 77.6. ವ್ಯತ್ಯಾಸ 2.75 ಡಿಗ್ರಿ. ಸಮಭಾಜಕ ವೃತ್ತದಲ್ಲಿ ಒಂದು ಡಿಗ್ರಿ ರೇಖಾಂಶ ಎಂದರೆ ಸುಮಾರು 111 ಕಿ.ಮೀ. 13 ಡಿಗ್ರಿಯಲ್ಲಿ ಅದು ತುಸು ಕಿರಿದಾಗಿ ಸುಮಾರು 108 ಕಿ.ಮೀ. ಆಗುತ್ತದೆ. 108 × 2.75 = 297. ಅಡಿಪಟ್ಟಿ ಸುಳ್ಳು ಹೇಳಿರಲಿಲ್ಲ. ಗೋಡೆಯ ನಕ್ಷೆ ಮತ್ತು ಭೂಗೋಳದ ಲೆಕ್ಕ ಎರಡೂ ಒಂದೇ ಉತ್ತರಕ್ಕೆ ಬಂದಾಗ ಮಕ್ಕಳಿಗೆ ಆದ ಖುಷಿಯನ್ನು ನೋಡಬೇಕಿತ್ತು.

ಆಮೇಲೆ ರಸ್ತೆ. ಹೆದ್ದಾರಿಯ ಗೆರೆಯ ಮೇಲೆ ನೂಲನ್ನು ಬಗ್ಗಿಸಿ ಬಗ್ಗಿಸಿ ಇಟ್ಟು, ತೆಗೆದು ಅಳೆದರು. 33 ಸೆಂ.ಮೀ., ಅಂದರೆ 330 ಕಿ.ಮೀ. ಆದರೆ ರಸ್ತೆಯ ದೂರ ಸುಮಾರು 350. ಉಳಿದ 20 ಕಿ.ಮೀ. ಎಲ್ಲಿ ಹೋಯಿತು? “ನೂಲು ಸರಿ ಇಡಲಿಲ್ಲ” ಎಂದರು ಕೆಲವರು. ಘಾಟಿಯಲ್ಲಿ ಪ್ರಯಾಣ ಮಾಡಿದವನೊಬ್ಬ, “ನಕ್ಷೆಯಲ್ಲಿ ತಿರುವುಗಳೇ ಇಲ್ಲ ಟೀಚರ್” ಎಂದ. ಅದೇ ಕಾರಣ. ಗೋಡೆ ನಕ್ಷೆಯಲ್ಲಿ ಅರ್ಧ ಕಿಲೋಮೀಟರಿನ ಒಂದು ತಿರುವು ಅರ್ಧ ಮಿಲಿಮೀಟರ್, ನಕ್ಷೆ ಬರೆದವರು ಅದನ್ನು ನೇರ ಮಾಡಿಬಿಟ್ಟಿರುತ್ತಾರೆ. ಸಣ್ಣ ಪ್ರಮಾಣದ ನಕ್ಷೆಯಲ್ಲಿ ಅಳೆದ ರಸ್ತೆ ಯಾವಾಗಲೂ ನಿಜಕ್ಕಿಂತ ಗಿಡ್ಡ ಎಂಬ ತತ್ವವನ್ನು ಮಕ್ಕಳೇ ಕಂಡುಕೊಂಡರು.

ಇದರಿಂದ ನನ್ನ ಮೊದಲ ಪಾಠದ ದೋಷವೂ ಹೊರಬಿತ್ತು. ವಿಲೋಮ ಅನುಪಾತಕ್ಕೆ ಷರತ್ತು ‘ದೂರ ಸ್ಥಿರ’ ಎಂಬುದು. ವಿಮಾನ ಹೋಗುವುದು 300 ಕಿ.ಮೀ., ಬಸ್ಸು ಹೋಗುವುದು 350. ದೂರವೇ ಬೇರೆಯಾದ ಮೇಲೆ ವಿಮಾನವನ್ನು ಆ ಕೋಷ್ಟಕದ ನಾಲ್ಕನೆಯ ಸಾಲಾಗಿ ಬರೆಯಬಾರದಿತ್ತು.

ಮರುಪಾಠ 2: ವೇಗ ಎಂದರೆ ಯಾವ ವೇಗ?

ಹಿಂದಿನ ಬೆಂಚಿನ ಹುಡುಗನ ಪ್ರಶ್ನೆಯನ್ನು ಈಗ ಎತ್ತಿಕೊಂಡೆವು. 300 ಕಿ.ಮೀ.ಗೆ ಗಂಟೆಗೆ 700ರಂತೆ 26 ನಿಮಿಷ ಸಾಕು. ವೇಳಾಪಟ್ಟಿಯಲ್ಲಿ ಮಾತ್ರ ಸುಮಾರು ಒಂದು ಗಂಟೆ. ವಿಮಾನ ನಿಂತಲ್ಲಿಂದ ಓಡುಹಾದಿಗೆ ಬರಬೇಕು, ಏರಬೇಕು, ಮೇಲೆ ಸ್ವಲ್ಪ ಹೊತ್ತು ಪೂರ್ಣ ವೇಗದಲ್ಲಿ ಹಾರುವಷ್ಟರಲ್ಲಿ ಇಳಿಯಲು ತೊಡಗಬೇಕು, ಇಳಿದ ಮೇಲೆ ನಿಲ್ದಾಣದ ಬಾಗಿಲಿಗೆ ಬರಬೇಕು. 700 ಎನ್ನುವುದು ನಡುವಿನ ವೇಗ. ಇಡೀ ಪ್ರಯಾಣದ ಸರಾಸರಿ 300ರ ಹತ್ತಿರ.

ಬಸ್ಸಿಗೂ ಇದೇ ಮಾತು. ಇಲ್ಲಿ ಮಕ್ಕಳು ಮಾಡುವ ಸಾಮಾನ್ಯ ತಪ್ಪೊಂದನ್ನು ಬೇಕೆಂದೇ ಮಾಡಿಸಿದೆ. ಬಯಲಿನಲ್ಲಿ 100 ಕಿ.ಮೀ.ಯನ್ನು ಗಂಟೆಗೆ 50ರಂತೆ, ಘಾಟಿಯಲ್ಲಿ 25 ಕಿ.ಮೀ.ಯನ್ನು ಗಂಟೆಗೆ 25ರಂತೆ ಬಸ್ಸು ಹೋದರೆ ಸರಾಸರಿ ವೇಗ ಎಷ್ಟು? ಬಹುತೇಕರು 50 ಮತ್ತು 25ನ್ನು ಕೂಡಿಸಿ ಅರ್ಧ ಮಾಡಿ 37.5 ಎಂದರು. ಸಮಯವನ್ನು ಕೂಡಿಸಿ ನೋಡಿದಾಗ 2 ಗಂಟೆ + 1 ಗಂಟೆ = 3 ಗಂಟೆ, 125 ÷ 3 = ಸುಮಾರು 41.7. ವೇಗಗಳನ್ನು ಸರಾಸರಿ ಮಾಡಬಾರದು, ಒಟ್ಟು ದೂರವನ್ನು ಒಟ್ಟು ಸಮಯದಿಂದ ಭಾಗಿಸಬೇಕು. ಶಿರಾಡಿಯ ಘಾಟಿ ಭಾಗ ಸುಮಾರು 26 ಕಿ.ಮೀ. ಇರುವುದರಿಂದ ಈ ಸಂಖ್ಯೆಗಳು ಮಕ್ಕಳಿಗೆ ಹೊರಗಿನವು ಅನ್ನಿಸಲಿಲ್ಲ.

ರೈಲಿನ ಉದಾಹರಣೆ ಇನ್ನೂ ಹತ್ತಿರದ್ದು. ಸುಬ್ರಹ್ಮಣ್ಯ ರೋಡ್ ನಿಲ್ದಾಣ ಇರುವುದು ಕಡಬ ತಾಲ್ಲೂಕಿನ ನೆಟ್ಟಣದಲ್ಲಿ. ಅಲ್ಲಿಂದ ಸಕಲೇಶಪುರಕ್ಕೆ ಘಾಟಿಯ ಹಳಿ ಸುಮಾರು 55 ಕಿ.ಮೀ., ದಾರಿಯಲ್ಲಿ 57 ಸುರಂಗಗಳು. ರೈಲು ಸುಮಾರು ಎರಡೂವರೆ ಗಂಟೆ ತೆಗೆದುಕೊಳ್ಳುತ್ತದೆ. 55 ÷ 2.5 = 22. ಗಂಟೆಗೆ 22 ಕಿ.ಮೀ. ಎಂದರೆ ಚೆನ್ನಾಗಿ ಸೈಕಲ್ ತುಳಿಯುವವನ ವೇಗ ಎಂದು ಹುಡುಗರು ನಕ್ಕರು. ಆಗ ಹಳಿ ಯಾಕೆ ಅಷ್ಟು ಸುತ್ತುತ್ತದೆ ಎಂದು ಕೇಳಿದೆ. ಸಕಲೇಶಪುರ ಸಮುದ್ರಮಟ್ಟದಿಂದ 900 ಮೀಟರಿಗೂ ಎತ್ತರದಲ್ಲಿದೆ, ನೆಟ್ಟಣ ನೂರು ಮೀಟರಿನ ಆಸುಪಾಸು. ಏರಬೇಕಾದದ್ದು ಸುಮಾರು 800 ಮೀಟರ್. ಈ ಹಳಿಯ ಕಡಿದಾದ ಏರು 50ಕ್ಕೆ 1, ಅಂದರೆ 50 ಮೀಟರ್ ಮುಂದೆ ಹೋದರೆ 1 ಮೀಟರ್ ಮೇಲೆ. 800 ಮೀಟರ್ ಏರಲು 800 × 50 = 40,000 ಮೀಟರ್, ಅಂದರೆ ಕನಿಷ್ಠ 40 ಕಿ.ಮೀ. ಹಳಿ ಬೇಕೇ ಬೇಕು. ಎರಡು ಊರುಗಳು ಎಷ್ಟೇ ಹತ್ತಿರ ಇದ್ದರೂ ಎತ್ತರ ತನ್ನ ದೂರವನ್ನು ಕೇಳಿ ಪಡೆಯುತ್ತದೆ. ಇದು ನೇರ ಅನುಪಾತದ ಲೆಕ್ಕ ಎಂಬುದನ್ನು ಒಬ್ಬಳು ತಾನಾಗಿ ಹೇಳಿದಳು. ಒಂದೇ ದಾರಿಯಲ್ಲಿ ನೇರ, ವಿಲೋಮ ಎರಡೂ ಅನುಪಾತಗಳು ಸಿಕ್ಕಿದವು.

ಮರುಪಾಠ 3: ಬಾಗಿಲಿನಿಂದ ಬಾಗಿಲಿಗೆ

ಮೂರನೆಯ ಅವಧಿಗೆ ಮನೆಯವರನ್ನು, ಬಸ್ಸಿನವರನ್ನು, ಬೆಂಗಳೂರಿನಲ್ಲಿ ಕೆಲಸದಲ್ಲಿರುವ ಅಣ್ಣಂದಿರನ್ನು ಕೇಳಿಕೊಂಡು ಬರಲು ಹೇಳಿದ್ದೆ. ಬೆಂಗಳೂರಿನ ಮೆಜೆಸ್ಟಿಕ್ ತಲುಪುವುದು ಎಂದು ಕೊನೆಯ ಬಿಂದುವನ್ನು ನಿಗದಿ ಮಾಡಿಕೊಂಡೆವು. ಮಕ್ಕಳು ತಂದ ಸಂಖ್ಯೆಗಳಲ್ಲಿ ಹೆಚ್ಚು ಜನ ಹೇಳಿದ್ದನ್ನು ತೆಗೆದುಕೊಂಡು ಹೀಗೆ ಬರೆದೆವು:

ಕಡಬದಿಂದ ವಿಮಾನ ನಿಲ್ದಾಣಕ್ಕೆ (ಸುಮಾರು 80 ಕಿ.ಮೀ.) – 2 ಗಂಟೆ 30 ನಿಮಿಷ
ವಿಮಾನ ಹೊರಡುವ ಮೊದಲಿನ ತಪಾಸಣೆ, ಕಾಯುವಿಕೆ – 1 ಗಂಟೆ 30 ನಿಮಿಷ
ಹಾರಾಟ – 1 ಗಂಟೆ
ಇಳಿದು ಸಾಮಾನು ತೆಗೆದುಕೊಂಡು ಹೊರಬರುವುದು – 30 ನಿಮಿಷ
ದೇವನಹಳ್ಳಿಯಿಂದ ಮೆಜೆಸ್ಟಿಕ್‌ಗೆ – 1 ಗಂಟೆ 30 ನಿಮಿಷ
ಒಟ್ಟು – 7 ಗಂಟೆ

ಬಸ್ಸಿನಲ್ಲಿ ಕಡಬದಿಂದ ಗುಂಡ್ಯ ಮೂಲಕ ಸುಮಾರು 290 ಕಿ.ಮೀ. – 7 ಗಂಟೆ 30 ನಿಮಿಷ.

ಉಳಿತಾಯ ಅರ್ಧ ಗಂಟೆ. ಆ ವಿದ್ಯಾರ್ಥಿನಿಯ ಉತ್ತರವೇ ಬಂತು. ತರಗತಿ ಅವಳ ಕಡೆ ತಿರುಗಿತು. ಅವಳು ತಲೆ ತಗ್ಗಿಸಿ ಕೋಷ್ಟಕವನ್ನು ಬರೆದುಕೊಳ್ಳುತ್ತಿದ್ದಳು.

ನಕ್ಷೆಯ ಮೇಲೆ ಇದನ್ನು ನೋಡಿದಾಗ ಕಾರಣ ಸ್ಪಷ್ಟವಾಯಿತು. ಬೆಂಗಳೂರು ನಮಗೆ ಪೂರ್ವಕ್ಕೆ, ವಿಮಾನ ನಿಲ್ದಾಣ ಪಶ್ಚಿಮಕ್ಕೆ. ಕಡಬದವರು ವಿಮಾನ ಹತ್ತಬೇಕಾದರೆ ಬೆಂಗಳೂರಿಗೆ ಬೆನ್ನು ಹಾಕಿ 80 ಕಿ.ಮೀ. ಹೋಗಿ, ಆಮೇಲೆ ತಮ್ಮ ಊರಿನ ಕಡೆಗೇ ಹಾರಿಕೊಂಡು ವಾಪಸು ಬಂದು ಮುಂದೆ ಹೋಗಬೇಕು.

ಮೂರು ಊರುಗಳ ಹೋಲಿಕೆ

ಪುತ್ತೂರು ಮತ್ತು ಸುಳ್ಯದ ಸಹಪಾಠಿಗಳೂ ಇದೇ ಕೋಷ್ಟಕವನ್ನು ತಮ್ಮ ತರಗತಿಗಳಲ್ಲಿ ಮಾಡಿಸಿದರು. ನಿಲ್ದಾಣದಲ್ಲಿ ಕಾಯುವುದರಿಂದ ಮೆಜೆಸ್ಟಿಕ್ ತಲುಪುವವರೆಗಿನ ನಾಲ್ಕೂವರೆ ಗಂಟೆ ಮೂವರಿಗೂ ಸಮಾನ.

ಪುತ್ತೂರು: ವಿಮಾನದಲ್ಲಿ 6 ಗಂಟೆ 15 ನಿಮಿಷ, ಬಸ್ಸಿನಲ್ಲಿ 8 ಗಂಟೆ. ವ್ಯತ್ಯಾಸ 1 ಗಂಟೆ 45 ನಿಮಿಷ.
ಸುಳ್ಯ: ವಿಮಾನದಲ್ಲಿ 7 ಗಂಟೆ 15 ನಿಮಿಷ, ಸಂಪಾಜೆ–ಮಡಿಕೇರಿ–ಮೈಸೂರು ಮೂಲಕ ಬಸ್ಸಿನಲ್ಲಿ 8 ಗಂಟೆ. ವ್ಯತ್ಯಾಸ 45 ನಿಮಿಷ.
ಕಡಬ: ವಿಮಾನದಲ್ಲಿ 7 ಗಂಟೆ, ಬಸ್ಸಿನಲ್ಲಿ 7 ಗಂಟೆ 30 ನಿಮಿಷ. ವ್ಯತ್ಯಾಸ 30 ನಿಮಿಷ.

ಇವು ಮಕ್ಕಳು ಕೇಳಿ ತಂದ ಅಂದಾಜುಗಳು, ದಿನದಿಂದ ದಿನಕ್ಕೆ ಬದಲಾಗುವಂಥವು. ಆದರೆ ಮೂರು ಊರುಗಳಲ್ಲಿ ಎಲ್ಲಿಯೂ ‘ಆರೂವರೆ ಗಂಟೆ’ ಬರಲಿಲ್ಲ. ಸುಳ್ಯದ ತರಗತಿಯಲ್ಲಿ ಒಬ್ಬ ಹುಡುಗ, “ಬಸ್ಸಿನಲ್ಲಿ ರಾತ್ರಿ ಮಲಗಿಕೊಂಡು ಹೋದರೆ ಎಂಟು ಗಂಟೆಯಲ್ಲಿ ಹಗಲು ಒಂದೂ ಹೋಗುವುದಿಲ್ಲ. ಅದನ್ನು ಹೇಗೆ ಲೆಕ್ಕ ಹಾಕುವುದು?” ಎಂದು ಕೇಳಿದನಂತೆ. ಗಣಿತ ಉತ್ತರಿಸಲಾಗದ, ಆದರೆ ಗಣಿತದ ತರಗತಿಯಲ್ಲೇ ಹುಟ್ಟಬೇಕಾದ ಪ್ರಶ್ನೆ ಅದು. ಅಜ್ಜಿಯನ್ನು ವಿಮಾನದಲ್ಲಿ ಕರೆದುಕೊಂಡು ಹೋದ ಮನೆಯವರೂ ಸಮಯ ಉಳಿಸಲು ಹೋದವರಲ್ಲ.

ವಿಸ್ತರಣೆ: ದೂರ ಬದಲಾಗದೆ ಸಮಯ ಬದಲಾಗುವುದು

ಕೊನೆಯ ಹತ್ತು ನಿಮಿಷ ಎರಡು ಪ್ರಸಂಗಗಳನ್ನು ಚರ್ಚೆಗೆ ಇಟ್ಟೆ. ಒಂದು, 2008ರ ಮೇ ತಿಂಗಳಲ್ಲಿ ಬೆಂಗಳೂರಿನ ವಿಮಾನ ಸಂಚಾರ ನಗರದೊಳಗಿನ ಎಚ್.ಎ.ಎಲ್. ನಿಲ್ದಾಣದಿಂದ ದೇವನಹಳ್ಳಿಗೆ ಸ್ಥಳಾಂತರವಾಯಿತು. ಮಂಗಳೂರಿನಿಂದ ಹಾರುವ ದೂರದಲ್ಲಿ ಹೇಳಿಕೊಳ್ಳುವಂಥ ವ್ಯತ್ಯಾಸವಾಗಲಿಲ್ಲ. ಆದರೆ ಇಳಿದ ಮೇಲೆ ನಗರದ ನಡುವಿಗೆ ಬರುವ ದಾರಿ 35 ಕಿ.ಮೀ.ಯಷ್ಟಾಯಿತು. ಇನ್ನೊಂದು ಮಕ್ಕಳ ಮನೆಯವರಿಗೆಲ್ಲ ನೆನಪಿರುವುದು: 2015ರಲ್ಲಿಯೂ 2018ರಲ್ಲಿಯೂ ಕಾಂಕ್ರೀಟ್ ಕಾಮಗಾರಿಗಾಗಿ ಶಿರಾಡಿ ಘಾಟಿ ತಿಂಗಳುಗಟ್ಟಲೆ ಮುಚ್ಚಿತ್ತು. 2018ರ ಆಗಸ್ಟಿನ ಮಳೆಗೆ ಶಿರಾಡಿ, ಸಂಪಾಜೆ ಎರಡು ಕಡೆಯೂ ಗುಡ್ಡ ಕುಸಿದು, ರೈಲು ಹಳಿಯ ಮೇಲೂ ಮಣ್ಣು ಬಿದ್ದಿತು. ಆ ದಿನಗಳಲ್ಲಿ ಅಡಿಪಟ್ಟಿಯ 30 ಸೆಂ.ಮೀ. ಹಾಗೆಯೇ ಇತ್ತು. ಬೆಂಗಳೂರು ಮಾತ್ರ ಬಹಳ ದೂರವಾಗಿತ್ತು.

ಮೌಲ್ಯಮಾಪನದ ಪ್ರಶ್ನೆಯನ್ನು ಈ ಬಾರಿ ಹೀಗೆ ಬದಲಿಸಿದೆ: “ನಿಮ್ಮ ಮನೆಯಿಂದ ಬೆಂಗಳೂರಿನ ಒಂದು ಜಾಗಕ್ಕೆ ಬೆಳಿಗ್ಗೆ 11ಕ್ಕೆ ತಲುಪಬೇಕು. ಎರಡು ವಿಧದ ಪ್ರಯಾಣಗಳನ್ನು ಆರಿಸಿ, ಪ್ರತಿಯೊಂದಕ್ಕೂ ಎಷ್ಟು ಗಂಟೆಗೆ ಹೊರಡಬೇಕೆಂದು ಹಂತ ಹಂತವಾಗಿ ಬರೆಯಿರಿ. ಯಾವುದನ್ನು ಆರಿಸುತ್ತೀರಿ, ಏಕೆ?” 31 ಪುಸ್ತಕಗಳಲ್ಲಿ ಉತ್ತರಗಳು ಬೇರೆ ಬೇರೆ ಇದ್ದವು. ತಿದ್ದಲು ಮೊದಲಿನ ಮೂರು ಪಟ್ಟು ಸಮಯ ಹಿಡಿಯಿತು. ಪ್ರತಿ ಪುಟದಲ್ಲಿ ಹಂತಗಳನ್ನು ಓದಿ ಅಂಕ ಕೊಡಬೇಕಾಯಿತು.

ಸಹ ಪ್ರಶಿಕ್ಷಣಾರ್ಥಿಗಳಿಗೆ

1. ದೂರ–ಸಮಯದ ಪ್ರಶ್ನೆ ಬರೆಯುವಾಗ ‘ಎಲ್ಲಿಂದ’ ಮತ್ತು ‘ಎಲ್ಲಿಗೆ’ ಎರಡನ್ನೂ ಬರೆಯಿರಿ. ಹೋಲಿಕೆ ಮಾಡುವ ಎರಡು ಪ್ರಯಾಣಗಳಿಗೆ ಅವು ಒಂದೇ ಆಗಿರಲಿ.

2. ವಿಲೋಮ ಅನುಪಾತವನ್ನು ಒಂದೇ ದಾರಿಯ ಮೇಲಿನ ಬೇರೆ ಬೇರೆ ವೇಗಗಳಿಂದ ಕಲಿಸಿ. ವಿಮಾನ ಮತ್ತು ಬಸ್ಸನ್ನು ಒಂದೇ ಕೋಷ್ಟಕಕ್ಕೆ ಸೇರಿಸಬೇಡಿ. ಅವನ್ನು ಹೋಲಿಸುವುದು ಬೇರೆಯೇ ಪಾಠ, ಮತ್ತು ಒಳ್ಳೆಯ ಪಾಠ.

3. ನೂಲು, ಅಡಿಪಟ್ಟಿ, ಗೋಡೆ ನಕ್ಷೆ ಇಷ್ಟೇ ಸಾಕು. ಮೊಬೈಲಿನ ನಕ್ಷೆ ಕೊನೆಗೆ ತಾಳೆ ನೋಡಲಿಕ್ಕೆ ಇರಲಿ. ಮೊದಲೇ ತೋರಿಸಿದರೆ ಮಕ್ಕಳು ಅಳೆಯುವುದನ್ನು ನಿಲ್ಲಿಸುತ್ತಾರೆ.

4. ತರಗತಿಯಲ್ಲಿ ಒಬ್ಬರದೇ ಉತ್ತರ ಬೇರೆಯಾಗಿದ್ದರೆ ಕೆಂಪು ಪೆನ್ನನ್ನು ಕೆಳಗಿಟ್ಟು ಹಾಳೆಯ ಹಿಂಬದಿಯನ್ನು ನೋಡಿ. ಅಲ್ಲಿ ಏನೂ ಇಲ್ಲದಿದ್ದರೆ ಮಗುವನ್ನು ಕರೆದು ಕೇಳಿ.

ನಾಲ್ಕನೆಯ ಮಾತನ್ನು ನಾನು ಸೂಕ್ಷ್ಮ ಬೋಧನೆಯ ತರಗತಿಗಳಲ್ಲಿ ಹಲವು ಸಲ ಕೇಳಿ ಟಿಪ್ಪಣಿ ಬರೆದುಕೊಂಡಿದ್ದೆ, ಪರೀಕ್ಷೆಯಲ್ಲಿ ಬರೆದು ಅಂಕವನ್ನೂ ಪಡೆದಿದ್ದೆ. ಆದರೂ ಮೊದಲ ಸಂದರ್ಭದಲ್ಲಿ ಪಾಲಿಸಲಿಲ್ಲ. ಅವಲೋಕನ ಪುಸ್ತಕದಲ್ಲಿ ಮಾರ್ಗದರ್ಶಕ ಶಿಕ್ಷಕಿ ಆ ವಾರದ ಷರಾದಲ್ಲಿ ಬರೆದದ್ದು ಒಂದೇ ವಾಕ್ಯ: ‘ಮರುಪಾಠ ಚೆನ್ನಾಗಿದೆ, ಮುಂದಿನ ಬಾರಿ ಮೊದಲ ಪಾಠಕ್ಕೇ ಮಕ್ಕಳನ್ನು ಕೇಳಿ.’ ಇಂಟರ್ನ್‌ಶಿಪ್‌ನ ಕೊನೆಯ ದಿನ ಆ ವಿದ್ಯಾರ್ಥಿನಿ ಬಂದು, ಅಜ್ಜಿಯನ್ನು ಮುಂದಿನ ತಿಂಗಳು ಮತ್ತೆ ತೋರಿಸಲಿಕ್ಕೆ ಉಂಟು, ಡಾಕ್ಟರು ಈ ಸಲ ಬಸ್ಸಿನಲ್ಲಿ ಬರಬಹುದು ಅಂದಿದ್ದಾರೆ ಎಂದಳು. ರಾತ್ರಿ ಎಷ್ಟು ಗಂಟೆಯ ಬಸ್ಸಿಗೆ ಹೊರಟರೆ ಸರಿಯಾಗುತ್ತದೆ ಎಂದು ಅವಳೇ ಲೆಕ್ಕ ಹಾಕಿ ಮನೆಯಲ್ಲಿ ಹೇಳಿದ್ದಳು.